ಕತ್ತಿನ ಚೂರು

ಅವ್ವ ಬ್ಲೌಸಿನ ಕತ್ತು ಕತ್ತರಿಸುವಾಗ
ಕಾಗದದಿಂದೊಂದು ಅರ್ಧಚಂದ್ರ ಕಳಚಿ
ಮೇಜಿನಡಿ ಬೀಳುತ್ತದೆ.
ಅದು ನನ್ನದು.

ಗುತ್ತಲು ರಸ್ತೆಯಲ್ಲಿ ಡೀಪ್ ನೆಕ್ ಹೊಲಿಸುವವರು
ಹೆಚ್ಚಿದಷ್ಟೂ ನನಗೆ ದೊಡ್ಡ ಹಾಳೆ.
ಮುದುಕಿಯರು ಬಂದರೆ ಬರೀ ಉಗುರಿನಷ್ಟು;
ಅದರಲ್ಲಿ ಒಂದು ಹುಬ್ಬು ಬರೆಯಬಹುದು,
ಸಿಟ್ಟಿದ್ದರೆ ಎರಡು.

ಹಳೇ ಗುಂಡಿ ಡಬ್ಬಿಯಲ್ಲಿ ಎಲ್ಲ ಇಟ್ಟಿದ್ದೇನೆ.
ಅಪ್ಪ ಬಂದು ಹೋದ ದಿನದ್ದು ಒಂದು ಖಾಲಿ ತೋಳು,
ಗಣಿತದಲ್ಲಿ ಪಾಸಾದ ದಿನದ್ದು
ಏನೂ ಇಲ್ಲ, ಅವತ್ತು ಬರೆಯಬೇಕು ಅನ್ನಿಸಲಿಲ್ಲ.

ಹೆಸರು ಚೆಲುವಿ.
ಮೇಲುಕೋಟೆಯ ದೇವರದ್ದು, ಆಮೇಲೆ ಅಜ್ಜಿಯದು,
ಆಮೇಲೆ ಯಾರೂ ನನ್ನ ಕೇಳದೆ ನನ್ನದು.
ಹತ್ತನೇ ಕ್ಲಾಸಿನ ಹಾಜರಿಯಲ್ಲಿ ಮೇಷ್ಟ್ರು ಕೂಗಿದಾಗ
ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮುತ್ತಾರೆ.
ಒಂದೇ ಕೆಮ್ಮು. ದಿನಾ.
ಆ ಕೆಮ್ಮನ್ನೂ ಬರೆದಿದ್ದೇನೆ:
ಮುಳ್ಳುಮುಳ್ಳಿನ ಒಂದು ಉಂಡೆ, ಕಾಲಿಲ್ಲ, ಬಾಲ ಮಾತ್ರ.

ಅಳತೆ ಪುಸ್ತಕ ಬರೆಯುವವಳೂ ನಾನೇ.
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವ್ವ ಕೂಗುತ್ತಾಳೆ,
"ಎದೆ ಮೂವತ್ನಾಕು, ತೋಳು ಒಂಬತ್ತು, ಉದ್ದ ಹದಿನಾಕು."
ಬೀದಿಯ ಅರ್ಧ ಹೆಂಗಸರು ನನ್ನ ಕೈಬರಹದಲ್ಲಿ
ಅಂಕಿಗಳಾಗಿ ಮಲಗಿದ್ದಾರೆ.

ಆಷಾಢ ಬಂತು. ಮದುವೆಯಿಲ್ಲ, ಗಿರಾಕಿ ಕಡಿಮೆ,
ಅವ್ವನಿಗೆ ಪುರುಸೊತ್ತು.
ಯೂನಿಫಾರ್ಮಿಗೆ ನನ್ನನ್ನು ನಿಲ್ಲಿಸಿಕೊಂಡಳು.
ಸೊಂಟಕ್ಕೆ ಟೇಪು ಸುತ್ತಿ
ಕೂಗಲಿಲ್ಲ.
ಪೆನ್ನು ಇಸಕೊಂಡು ತಾನೇ ಸಣ್ಣಗೆ ಬರೆದಳು.

ಕೂಗಿದ್ದರೆ ಅಷ್ಟು ನೋಯುತ್ತಿರಲಿಲ್ಲವೇನೋ.

ಅವತ್ತು ರಾತ್ರಿ, ಅವಳು ಮಲಗಿದ ಮೇಲೆ,
ಕಟಿಂಗ್ ಮೇಜಿಗೆ ಒರಗಿ ನನ್ನ ಮುಖ ಬರೆದೆ.
ಕನ್ನಡಿ ಬೇಡ; ಕನ್ನಡಿ ನನ್ನ ಪಕ್ಷದ್ದಲ್ಲ.
ಮೊದಲು ತೆಳ್ಳಗೆ ಬರೆದೆ. ಸುಳ್ಳು. ಅಳಿಸಿದೆ.
ಅಗಲಕ್ಕೆ ಬರೆದೆ, ಆ ಕೆಮ್ಮಿಗೆ ಕಂಡ ಹಾಗೆ.
ಅದೂ ಯಾರೋ.
ಆಮೇಲೆ ಕೈ ತಾನಾಗಿ ಹೋಯಿತು:
ಗಲ್ಲ, ಎಣ್ಣೆಯಿಳಿದ ಬೈತಲೆ, ಬಿಗಿದ ತುಟಿ.
ಎರಡು ಸಲ ಮೊನೆ ಮುರಿಯಿತು,
ಅಷ್ಟು ಒತ್ತಿ ಒತ್ತಿ ಬರೆದೆ.
ಸಕ್ಕರೆ ಫ್ಯಾಕ್ಟರಿ ಕಡೆಯ ಸಿಹಿ ನಾತ
ಕಿಟಕಿಯಲ್ಲಿ ಕೂತು ನೋಡುತ್ತಿತ್ತು.

ಹಾಳೆಯ ಕೆಳಗೆ ನೀಲಿ ಕಾರ್ಬನ್ ಇದ್ದದ್ದು ಗೊತ್ತಿರಲಿಲ್ಲ.
ಅದರ ಕೆಳಗೆ
ಬ್ಯಾಂಕ್ ಮ್ಯಾನೇಜರ್ ಹೆಂಡತಿಯ ಲೈನಿಂಗ್ ಬಟ್ಟೆ.

ಬೆಳಿಗ್ಗೆ ಎದ್ದಾಗ ಅವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದಿದ್ದಳು.
ಕೆನೆಬಣ್ಣದ ಬಟ್ಟೆಯ ಮೇಲೆ ನೀಲಿ ನಾನು.
ಮೀಟರಿಗೆ ಎಷ್ಟು ಗೊತ್ತಾ ಅಂತ ಶುರುವಾಗುತ್ತದೆ ಈಗ,
ಎಂದು ನಿಂತೆ.
ಅವಳು ಬಾಯಿಂದ ಗುಂಡುಸೂಜಿಗಳನ್ನು
ಒಂದೊಂದಾಗಿ ತೆಗೆದಿಟ್ಟಳು.
"ಈ ಮೂಗು ನಂದು ಕಣೆ."
ಇನ್ನೂ ಸ್ವಲ್ಪ ಹೊತ್ತು ನೋಡಿ,
"ನಿಂಗೆ ಇಷ್ಟು ಕ್ವಾಪ ಅದೆ ಅಂತ ಗೊತ್ತಿರ್ನಿಲ್ಲ."

ಸೋಪು ತಿಕ್ಕಬಹುದಿತ್ತು. ತಿಕ್ಕಲಿಲ್ಲ.
ಮುಖವನ್ನು ಒಳಮಗ್ಗುಲಿಗೆ ತಿರುಗಿಸಿ
ರೇಷ್ಮೆಗೂ ಲೈನಿಂಗಿಗೂ ನಡುವೆ ನನ್ನನ್ನಿಟ್ಟು
ಅಂಚಿನುದ್ದಕ್ಕೂ ಮಿಷನ್ ಓಡಿಸಿದಳು.
"ಬಿಡು, ಯಾರ್ಗೂ ಕಾಣಕಿಲ್ಲ."

ಶುಕ್ರವಾರ ಆಕೆ ಬಂದರು. ತೊಟ್ಟು ನೋಡಿ,
ತೋಳು ಕೊಂಚ ಬಿಗಿ ಎಂದು ಮೂಗು ಮುರಿದು,
ಇಪ್ಪತ್ತು ರೂಪಾಯಿ ಚೌಕಾಸಿ ಮಾಡಿ
ತೊಟ್ಟುಕೊಂಡೇ ಹೊರಟರು.
ಹೊಸಿಲಲ್ಲಿ ನಿಂತು ನೋಡಿದೆ
ದೂರವಾಗುತ್ತಿದ್ದ ಆ ಬೆನ್ನನ್ನು.

ಯಾರಿಗೂ ಕಾಣದಿರಲಿ ಎಂದೇ
ಇಷ್ಟು ದಿನ ಬರೆದವಳು
ಅವರು ವಿದ್ಯಾನಗರದ ಕಡೆ ತಿರುಗುವಾಗ
ಬಿಸಿಲು ಜೋರಾಗಿ ಬೀಳಲಿ, ರೇಷ್ಮೆ ದಾಟಿ ಬೀಳಲಿ,
ಒಂದೇ ಒಂದು ಗಳಿಗೆ
ಎಂದು ಬೇಡಿಕೊಂಡೆ.

ಆಷಾಢ.
ಮೋಡ ಕದಲಲಿಲ್ಲ.